ಹೆಬ್ಬೆರಳು

ಲಕೋಟೆಯ ಫೋಟೋ ತೆಗೆಯುವಾಗ
ವಿಳಾಸದ ಮೇಲೆ ಹೆಬ್ಬೆರಳಿಡುವುದು ನನ್ನ ಪದ್ಧತಿ.
ಮೊಹರು ಕಂಡರೆ ಸಾಕು, ಮನೆ ಯಾಕೆ?

ಈ ಬುದ್ಧಿ ಬಂದದ್ದು ಮೂಸ ಕುಂಞಿಯವರ ದೆಸೆಯಿಂದ.
ತೂತಿನ ಕಾಸು, ಆನೆ ಮುದ್ರೆಯ ತಾಮ್ರದ ಕಾಸು
ಎಲ್ಲ ಚಾಪೆಯ ಮೇಲೆ ಹರಡಿ ಫೇಸ್‌ಬುಕ್ಕಿಗೆ ಹಾಕಿದರು.
ಮರುದಿನ ವಿಮಾನ ನಿಲ್ದಾಣದಿಂದ ಇನ್ನೊಂದು ಫೋಟೋ:
"ಮಗಳ ಬಾಣಂತನಕ್ಕೆ ಶಾರ್ಜಾ, ನಲವತ್ತು ದಿನ."
ಕಳ್ಳನಿಗೆ ಓದು ಬರುತ್ತಿತ್ತು.
ಟೀವಿ ಮುಟ್ಟಲಿಲ್ಲ, ಕಾಸುಗಳನ್ನಷ್ಟೇ ಒಯ್ದ,
ಅದೂ ಒಳ್ಳೆಯವನ್ನು ಆರಿಸಿ.
"ಅವನೂ ನಮ್ಮವನೇ ಟೀಚರೇ" ಎಂದು ಮೂಸ ನಗುತ್ತಾರೆ,
ನಗುವಾಗ ಕಿಸೆ ಮುಟ್ಟಿ ನೋಡಿಕೊಳ್ಳುತ್ತಾರೆ.

ಕ್ರಾಸ್ತಾ ಹೆಸರನ್ನೇ ಬಿಟ್ಟರು. ಅಲ್ಲಿ ಅವರು ‘ವಾಲ್ವ್ ೬೨’,
ಮುಖದ ಜಾಗದಲ್ಲಿ ಒಂದು ಹಳೇ ರೇಡಿಯೋ.
ರೇಡಿಯೋದ ಹಿಂದೆ ಕಿಟಕಿ,
ಕಿಟಕಿಯಲ್ಲಿ ಬೇಳದ ಇಗರ್ಜಿಯ ಗೋಪುರ.
ಯಾರೋ ಹುಡುಗ ಕೇಳಿದನಂತೆ,
"ಅಂಕಲ್, ನಿಮ್ಮದು ಪಡುಬದಿಯ ಹೆಂಚಿನ ಮನೆಯಲ್ವಾ?"
ಈಗ ರೇಡಿಯೋದ ಹಿಂದೆ ಬೆಡ್‌ಶೀಟು ಹಿಡಿಯಲು
ಹೆಂಡತಿಯನ್ನು ಕರೆಯುತ್ತಾರೆ,
ಸ್ಟುಡಿಯೋದಲ್ಲಿ ಮದುಮಗಳನ್ನು ಕೂರಿಸಿದ ಹಾಗೆ.

ಆದಿತ್ಯವಾರ ಕಾಸರಗೋಡಿನ ತಾಲೂಕು ಕಚೇರಿ ಎದುರಿನ ಕ್ಯಾಂಟೀನಿನಲ್ಲಿ
ಬನ್ಸ್ ಮುರಿಯುತ್ತ ನಮ್ಮದು ಇದೇ ಮಾತು.
ಯಾರಿಗೂ ತೋರಿಸದ ಮೇಲೆ ಕೂಡಿಟ್ಟದ್ದು ಯಾವ ಸುಖಕ್ಕೆ?
ಬೀಗ ಹಾಕಿದ ಗುಂಪು, ಮುನ್ನೂರ ಹನ್ನೊಂದು ಜನ,
ಅರ್ಧಕ್ಕರ್ಧ ಜನರ ಮುಖ ನಾವು ಕಂಡದ್ದಿಲ್ಲ.
ಹಾಗೆಂದು ಬಿಟ್ಟು ಬರಲಾಗುವುದಿಲ್ಲ.
ಆ ಕಾಣದವರಲ್ಲೊಬ್ಬರೇ ಅಡೂರಿನ ಮೊಹರನ್ನು
ಪುಕ್ಕಟೆ ಕಳಿಸಿದ್ದು ನನಗೆ;
ಅದಕ್ಕೆ ನಾನು ವಿಳಾಸ ಕೊಡಲೇಬೇಕಾಯಿತಲ್ಲ.

ನನ್ನ ಹುಚ್ಚು ಮೊಹರುಗಳದ್ದು.
ಒಂದೇ ಊರು: ಮೊದಲು ದಕ್ಷಿಣ ಕನ್ನಡ,
ಆಮೇಲೆ ಕಣ್ಣೂರು ಜಿಲ್ಲೆ, ಆಮೇಲೆ ಕಾಸರಗೋಡೇ ಒಂದು ಜಿಲ್ಲೆ.
ಗಡಿ ಬದಲಾಗಿ ಒಂಬತ್ತನೇ ದಿನವೂ
ಕುಂಬಳೆಯ ಯಾರೋ ಪೋಸ್ಟ್‌ಮಾಸ್ತರು
ಹಳೇ ಮೊಹರನ್ನೇ ಗುದ್ದಿದ ಲಕೋಟೆಯೊಂದು ನನ್ನಲ್ಲಿದೆ.
ಮರೆತರೋ, ಬೇಕೆಂದೇ ಗುದ್ದಿದರೋ.
ಗುಜರಿ ಹಮೀದನ ತಕ್ಕಡಿಯಲ್ಲಿ ಸಿಕ್ಕಿದ್ದು,
ಕಿಲೋಗೆ ಹನ್ನೆರಡು ರೂಪಾಯಿ.
ಹಾಕಿದ ರಾತ್ರಿ ನಾನ್ನೂರು ಲೈಕು.
ಹೆಬ್ಬೆರಳು ಇರಬೇಕಾದಲ್ಲೇ ಇತ್ತು.

ಬೆಳಿಗ್ಗೆ ಪುಣೆಯಿಂದ ಒಂದು ಮೆಸೇಜು, ಸುಗಂಧಿ ಅಂತ ಹೆಸರು.
"ನಿಮ್ಮ ಉಗುರಿನ ಮೇಲೆ ಒಂದು ‘ಶ್ರೀ’ ಕಾಣುತ್ತಿದೆ.
ಅದರ ಕೊಂಬು ಹಾಗೆ ಎಳೆಯುತ್ತಿದ್ದದ್ದು ನಮ್ಮ ಅಜ್ಜಿ ಒಬ್ಬರೇ.
ಒಳಗೆ ಕಾಗದ ಇದೆಯಾ?"

ಇದೆ.
ಆದರೆ ಅಜ್ಜಿ ಎಂದು ಯಾರೂ ಹೇಳಬಹುದು.
ಮೂಸ ಹೇಳಿಕೊಟ್ಟ ಹಾಗೆ ಕೇಳಿದೆ: ಸಹಿ ಹೇಗಿತ್ತು?
ಮೂರು ಚುಕ್ಕೆ ಕುಣಿದವು, ನಿಂತವು, ಮತ್ತೆ ಕುಣಿದವು.
"ಭಾಗೀರಥಿ. ಕಾಗದದಲ್ಲಿ ಮಾತ್ರ ‘ಬಾಗಿ’."

ಸರಿ.
ನಲವತ್ತು ಮಕ್ಕಳ ಕಾಪಿ ತಿದ್ದಿದವಳು ನಾನು,
ಕೈಬರಹಕ್ಕೆ ಮುಖವಿದೆ ಎಂದು ನನಗೆ ತಿಳಿಯದೆ ಇರುತ್ತದೆಯೇ?

ಕಾಗದದಲ್ಲಿ ಏನಿತ್ತು, ಇಲ್ಲಿ ಬರೆಯುವುದಿಲ್ಲ.
ಕೊನೆಯ ಸಾಲು ಮಾತ್ರ:
"ಓದಿ ಒಲೆಗೆ ಹಾಕು."
ಯಾರೋ ಹಾಕಲಿಲ್ಲ. ಯಾರೋ ಮಡಚಿಟ್ಟರು,
ಯಾರೋ ತೂಕಕ್ಕೆ ಮಾರಿದರು, ನಾನು ಕೊಂಡೆ.

ಆ ಒಂದು ಸಾಲನ್ನು ಅವಳಿಗೆ ಟೈಪು ಮಾಡಿ ಕಳಿಸಿದೆ,
"ಇನ್ನು ನೀವು ಹೇಳಿದ ಹಾಗೆ" ಎಂದೆ.
ನೀಲಿ ಗೆರೆ ಬಿತ್ತು. ಮೂರು ದಿನ ಮಾತಿಲ್ಲ.

ಫೋಟೋ ಅಳಿಸಿದೆ. ಅಷ್ಟರಲ್ಲಿ ಯಾರ್ಯಾರ ಫೋನಿನಲ್ಲಿ ಉಳಿದಿದೆಯೋ.

ನಾಲ್ಕನೇ ದಿನ, ಅನ್ನ ಬಸಿಯುತ್ತಿದ್ದೆ,
ಫೋನು ನಡುಗಿತು. ಒದ್ದೆ ಬೆರಳನ್ನು ಅದು ಗುರುತಿಸಲಿಲ್ಲ.
ಸೆರಗಿಗೆ ಒರೆಸಿ ಮತ್ತೆ ಒತ್ತಿದೆ.

"ಟೀಚರೇ, ನೀವು ಓದಿದಿರಾ?"

ಗಂಜಿ ಉಕ್ಕಿ ಗ್ಯಾಸಿನ ಮೇಲೆ ಚುರುಗುಟ್ಟುತ್ತಿದೆ,
ಹೆಬ್ಬೆರಳು ಅಕ್ಷರಗಳ ಮೇಲೆ
ನಿಂತೇ ಇದೆ.