ಅವನ ಮಗಳು

ನಮ್ಮ ನಾಡಿನಲ್ಲಿ ಮನೆತನದ ಹೆಸರಿಲ್ಲ.
ಅಪ್ಪನ ಹೆಸರಿನ ಬಾಲಕ್ಕೆ ಮಗ, ಮಗಳು ಎಂದು ಅಂಟಿಸಿದರೆ ಆಯಿತು.
ಅಪ್ಪ ಯಾರೆಂದು ಅಮ್ಮ ಬಾಯಿ ಬಿಡದಿದ್ದಾಗ
ಪಾದ್ರಿ ಲೇಖನಿ ಹಿಡಿದು ಕಾದು ಕಾದು
ಹಾನ್ಸ್‌ದೋತ್ತಿರ್ ಎಂದು ಬರೆದನಂತೆ.
ಹಾನ್ಸ್ ಎಂದರೆ ನಮ್ಮ ಮಾತಿನಲ್ಲಿ 'ಅವನ'.
ನಾನು ಸ್ಟೇನುನ್, ಅವನ ಮಗಳು.
ಎಂಬತ್ತೆರಡು ವರ್ಷ
ಒಂದು ಸರ್ವನಾಮದ ಬೆರಳು ಹಿಡಿದು ನಡೆದಿದ್ದೇನೆ.

ಯಾವನ? ಅದನ್ನು ಊರೇ ತೀರ್ಮಾನಿಸಿತ್ತು.
ಯುದ್ಧದ ಎರಡನೇ ಬೇಸಗೆ ಇಂಗ್ಲಿಷ್ ಸಿಪಾಯಿಗಳು ಬಂದಿಳಿದು
ಸ್ವಾರ್ಟವೀಕಿನ ದಂಡೆಯುದ್ದಕ್ಕೂ ತಗಡಿನ ಗುಡಾರ ಹಾಕಿದ್ದರು.
ಅಮ್ಮ ಅವರ ಬಟ್ಟೆ ಒಗೆಯುತ್ತಿದ್ದಳು. ಸಾಲದೆ?
ಹೆರಿಂಗ್ ಮೀನಿಗೆ ಉಪ್ಪು ತುಂಬುವ ಹೆಂಗಸರ ಸಾಲಿನಲ್ಲಿ
ಅವಳ ಎಡಬಲದ ಜಾಗ ಖಾಲಿ.
ಉಗಿದರು. ಮಾತಿಗೆ ಹೇಳುತ್ತಿಲ್ಲ,
ಉಣ್ಣೆಯ ಶಾಲಿನ ಮೇಲೆ, ಎಡ ಭುಜಕ್ಕೆ.

ನಾನೋ, ಇಂಗ್ಲೆಂಡನ್ನು ಗುಟ್ಟಾಗಿ ಸಾಕಿಕೊಂಡೆ.
ಊರೆಲ್ಲ ಕರಿ ಕಾಫಿ ಹೀರುವಾಗ ಹಾಲು ಬೆರೆಸಿದ ಚಹಾ ಕುಡಿದೆ.
ಯಾರ್ಕ್‌ಶೈರಿನ ನಕಾಶೆಯನ್ನು
ಬೀರುವಿನ ಬಾಗಿಲ ಒಳಮೈಗೆ ಅಂಟಿಸಿದೆ.
ಲೀಡ್ಸ್ ತಂಡ ಸೋತ ರಾತ್ರಿ ಊಟ ಬಿಟ್ಟದ್ದೂ ಉಂಟು.
ಶಾಲೆಯಲ್ಲಿ ನನ್ನದು 'ಸಿಪಾಯಿ ಮೂಗು'.
ಕನ್ನಡಿಯಲ್ಲಿ ಅದಕ್ಕೆ ಸಲ್ಯೂಟ್ ಹೊಡೆಯುತ್ತಿದ್ದೆ.

ಕ್ರಿಸ್‌ಮಸ್ಸಿಗೆ ಮೊಮ್ಮಗಳು ಹ್ರೆಫ್ನಾ ಡಬ್ಬಿಯೊಂದು ತಂದಳು.
ಒಳಗೆ ಗಾಜಿನಂಥ ನಳಿಗೆ.
'ಇಲ್ಲಿವರೆಗೆ ಉಗುಳಬೇಕು ಅಜ್ಜಿ,' ಗೆರೆ ತೋರಿಸಿದಳು.
ಮುದಿ ಬಾಯಿ, ಒಣಗಿದ ಮೀನಿನ ಚೂರು.
ರೂಬಾರ್ಬಿನ ಹುಳಿ ನೆನೆದೆ, ಬರಲಿಲ್ಲ.
ಅಮ್ಮನ ಎಡ ಭುಜ ನೆನೆದೆ.
ತುಂಬಿತು.

ಏಳನೇ ವಾರ ಉತ್ತರ ಬಂತು.
ಇಂಗ್ಲೆಂಡ್: ಸೊನ್ನೆ.
ಯಾರ್ಕ್‌ಶೈರಿನ ಒಂದು ಕುರಿಯೂ ನನಗೆ ನೆಂಟನಲ್ಲ.
ಕೆಳಗೊಂದು ಸಾಲು: ಹತ್ತಿರದ ರಕ್ತ, ತಂದೆಯ ಕಡೆ,
ಬಿರ್ನಾ ಎಗಿಲ್ಸ್‌ದೋತ್ತಿರ್.
ಎಗಿಲ್‌ನ ಮಗಳು.
ಎಗಿಲ್ ಎಂದರೆ ಅಂಗಡಿ ಥೋರ್ಲಾಕುರನ ಒಬ್ಬನೇ ಮಗ.

ಪಟ್ಟಿ ಬರೆದವನು ಥೋರ್ಲಾಕುರ್.
ಸಿಪಾಯಿಗಳ ಜೊತೆ ಕಂಡ ಹೆಂಗಸರ ಹೆಸರು,
ಸಾಲದ ಖಾತೆಯಷ್ಟೇ ಚೊಕ್ಕ ಅಕ್ಷರದಲ್ಲಿ.
ಮೊದಲ ಹೆಸರು ಅಮ್ಮನದು.

ಹ್ರೆಫ್ನಾ ಪರದೆಯ ಮೇಲೆ ಬೆರಳಿಟ್ಟು
ಶೇಕಡಾ ಲೆಕ್ಕ ಬಿಡಿಸಿ ಹೇಳುತ್ತಿದ್ದಳು.
ನನಗೆ ನೆನಪಾದದ್ದು ಸಕ್ಕರೆ.
ಒಂದು ಕಿಲೋ ಸಕ್ಕರೆಗೆ ಅಮ್ಮ
ಎದುರಿನ ಅಂಗಡಿ ಬಿಟ್ಟು ಗುಡ್ಡ ದಾಟಿ
ಪಕ್ಕದ ಕೊಲ್ಲಿಗೆ ನಡೆಯುತ್ತಿದ್ದಳು, ಹಿಮದಲ್ಲಿ,
ನನ್ನ ಕೈ ಎಳೆಯುತ್ತ.
ಅಲ್ಲಿ ಅಗ್ಗವೇನೋ, ಅಮ್ಮ ಜಿಪುಣಿ, ಅಂದುಕೊಂಡಿದ್ದೆ.
ಹದಿನೇಳರಲ್ಲಿ ಅವಳು ಅದೇ ಅಂಗಡಿಯ ಉಗ್ರಾಣದಲ್ಲಿ
ತೂಕಕ್ಕೆ ನಿಲ್ಲುತ್ತಿದ್ದಳಂತೆ.
ಯಾರು ಹೇಳಿದ್ದರೋ, ಕಿವಿಯ ಯಾವ ಮೂಲೆಯಲ್ಲಿತ್ತೋ.
ಇಷ್ಟವಿತ್ತೆ? ಬಾಗಿಲು ಮುಚ್ಚಿದವರು ಯಾರು?
ನಳಿಗೆಗೆ ಅದು ಗೊತ್ತಿಲ್ಲ.

ದಿನಾ ಬೆಳಿಗ್ಗೆ ಏಳಕ್ಕೆ ಊರಿನ ಬಿಸಿನೀರ ಕೊಳದಲ್ಲಿ
ನಾನು, ಎಗಿಲ್, ಇನ್ನಿಬ್ಬರು ಮುದುಕರು.
ಕುತ್ತಿಗೆವರೆಗೆ ಮುಳುಗಿ ನಲವತ್ತು ವರ್ಷ
ಮೀನಿನ ಬೆಲೆ, ಮೊಣಕಾಲು ನೋವು, ಯಾರ ಅಂತ್ಯಕ್ರಿಯೆ ಯಾವಾಗ.
ಇವತ್ತು ಅವನನ್ನು ನೋಡಿದೆ.
ಆವಿಯಿಂದ ಹೊರಗೆ ಚಾಚಿಕೊಂಡು
ತುದಿಯಲ್ಲೊಂದು ಹನಿ ಹಿಡಿದಿತ್ತು
ನನ್ನ ಮೂಗು.
ಬಾಯೊಳಗೆ ಬಿಸಿ ತುಪ್ಪ.
'ಇವತ್ತು ನೀರು ಜಾಸ್ತಿ ಕಾದಿದೆ,' ಅಂದ.
'ಸ್ವಲ್ಪ ಸರಿ,' ಅಂದೆ.
ಸರಿದು ಜಾಗ ಕೊಟ್ಟ.

ಮನೆಗೆ ಬಂದು ಚಹಾ ಇಟ್ಟೆ.
ಹಾಲಿನ ಪಾತ್ರೆ ಹಿಡಿದು ಎಷ್ಟು ಹೊತ್ತು ನಿಂತೆನೋ.
ಆಮೇಲೆ ಸುರಿದೆ.
ಇಷ್ಟು ವರ್ಷದ ನಂಟು
ಒಂದು ಸೊನ್ನೆಗೆ ಹೆದರಿ ಓಡುತ್ತದೆಯೆ?
ಸಕ್ಕರೆ ಮಾತ್ರ ಹಾಕಲಿಲ್ಲ.