ಇನ್ನೂರ ಹನ್ನೆರಡನೆಯ ಗೂಟ

ಕೌನಾಸಿನ ನಾಟಕಶಾಲೆಯ ಟಿಕೇಟು ಕಿಟಕಿಯ ಹಿಂದೆ
ಹದಿನೆಂಟು ವರ್ಷದ ಕಂಪ್ಯೂಟರು,
ಅದರೊಳಗೆ ಅಷ್ಟೇ ಹಳೆಯ ಬ್ರೌಸರು.
ಆಸನಗಳ ನಕ್ಷೆ ತೆರೆಯುವುದು ಅದರಲ್ಲಷ್ಟೇ.
ಬರೆದುಕೊಟ್ಟವನು ಈಗ ಜೇನು ಸಾಕುತ್ತಾನಂತೆ,
ಫೋನು ಎತ್ತುವುದಿಲ್ಲ.

"ನಡೀತಿದೆಯಲ್ಲ, ಮತ್ತೇನು?" ಅನ್ನುತ್ತಾನೆ ಮ್ಯಾನೇಜರ್ ವೈದೋತಾಸ್.
ನಡೆಯುತ್ತಿದೆ. ಕಳ್ಳನಿಗೂ ಬೇಕಾದ್ದು ಅದೇ,
ನಡೆಯುತ್ತಿರುವ ಯಂತ್ರ.

ಹೇಗೆ ಹೇಳಲಿ? ಯಂತ್ರದ ನೆನಪಿನಲ್ಲಿ ಒಂದು ಜಾಗ,
ಅದರತ್ತ ಚಾಚಿದ ಒಂದು ತೋರುಬೆರಳು.
ಜಾಗ ಖಾಲಿ ಮಾಡಿದ್ದಾಯಿತು;
ಬೆರಳು ಮಡಚಲು ಮರೆತರು.
ವೈದೋತಾಸ್ ಆಕಳಿಸಿದ.

ಕೋಟು ಕಾಯುವ ಗೆನೊವೈತೆ ಮಾತ್ರ
ಹೆಣಿಗೆಯನ್ನು ಮಡಿಲಿಗಿಳಿಸಿ ಕೇಳಿದರು:
"ಅಂದರೆ, ಕೋಟು ಕೊಟ್ಟು ಬಿಲ್ಲೆ ಇಸ್ಕೊಳ್ಳಲಿಲ್ಲ?"

ಅದೇ. ಅದೇ ನೋಡಿ.
ಕಳ್ಳ ಬರುತ್ತಾನೆ, ಅವಸರವಿಲ್ಲ ಅವನಿಗೆ.
ಯಾವ ಗೂಟದ ಬಿಲ್ಲೆ ಹೊರಗುಳಿದಿದೆಯೋ ಗೊತ್ತಿಲ್ಲ, ಹಾಗಾಗಿ
ಖಾಲಿ ಇದ್ದ ಗೂಟಕ್ಕೆಲ್ಲ ಒಂದೇ ಅಳತೆಯ, ಒಂದೇ ಬಣ್ಣದ
ಸಾವಿರ ಕೋಟು ತೂಗುಹಾಕುತ್ತಾನೆ.
ಪ್ರತಿ ಜೇಬಲ್ಲೂ ಒಂದು ಚೀಟಿ.
ಬ್ರೌಸರು ಹಳೆಯ ಬಿಲ್ಲೆ ಹಿಡಿದು ಬರುತ್ತದೆ,
ತನ್ನದೇ ಎಂದು ತೋಳು ತೂರಿಸುತ್ತದೆ,
ಚೀಟಿಯಲ್ಲಿರುವುದು ತನ್ನದೇ ಅಕ್ಷರವೆಂದು ನಂಬಿ
ಮನೆಯ ಬೀಗದ ಕೈಯೆಲ್ಲ ತಂದು ಅವನ ಮುಂದೆ ಸುರಿಯುತ್ತದೆ.

ಅವರು ನಗಲಿಲ್ಲ. ಎದ್ದು ಒಳಗೆ ಕರೆದೊಯ್ದರು.
ಒದ್ದೆ ಉಣ್ಣೆಯ ವಾಸನೆ. ಬೂಟಿನ ಹಿಮ ಕರಗಿ ನೆಲವೆಲ್ಲ ನೀರು.
ಸಾಲು ಸಾಲು ಕೋಟು, ನಡುವೆ ಹಲ್ಲುದುರಿದಂತೆ ಒಂದು ಜಾಗ:
ಇನ್ನೂರ ಹನ್ನೆರಡು.

"ಆ ಜನವರಿ, ಎರಡನೆಯ ಅಂಕದಲ್ಲಿ ಯಾರೋ ಟ್ಯಾಂಕು ಅಂದರು.
ಜನ ಕಟ್ಟೆ ಹಾರಿ, ತಮ್ಮ ಕೋಟು ತಾವೇ ಎಳಕೊಂಡು ಓಡಿದರು.
ಆಮೇಲೆ ಬಿಲ್ಲೆಗಳು ಒಂದೊಂದಾಗಿ ವಾಪಸು ಬಂದವು,
ಕೆಲವು ಅಂಚೆಯಲ್ಲಿ. ಇದೊಂದು ಬರಲಿಲ್ಲ.
ಎಲ್ಲೋ ಯಾರದೋ ಜೇಬಲ್ಲಿದೆ.
ಇರುವ ತನಕ ಇಲ್ಲಿ ಇನ್ನೊಬ್ಬರದನ್ನು ತೂಗಲಾರೆ."

ಮೂವತ್ತು ಚಿಲ್ಲರೆ ಚಳಿಗಾಲ.
ಸಭಾಂಗಣ ತುಂಬಿ ತುಳುಕಿದ ರಾತ್ರಿಯೂ
ಕುರ್ಚಿಯ ಮೇಲೆ ರಾಶಿ ಹಾಕಿದ್ದಾರೆ ಕೋಟು,
ಆ ಗೂಟ ಮುಟ್ಟಿಲ್ಲ.

ಹೊಸ ಬ್ರೌಸರುಗಳಿಗೆ ಈಚೆಗೆ ಕಲಿಸಿದ ಮರ್ಯಾದೆ ಇದು:
ತೆರವಾದ ಜಾಗ ಕೊಂಚ ಹೊತ್ತು ತೆರವಾಗಿಯೇ ಇರಲಿ,
ಬೆರಳೆಲ್ಲ ಮಡಚುವ ತನಕ.
ನಮ್ಮ ಹಳೆಯದಕ್ಕೆ ಅದನ್ನು ಹೇಳುವವರಿಲ್ಲ.

ಕಿಟಕಿಗೆ ಮರಳಿ ಇಂಟರ್ನೆಟ್ ತಂತಿ ಕಿತ್ತೆ.
ವೈದೋತಾಸ್ ಕೂಗಾಡಿದ; ಶನಿವಾರದ ಆಟಕ್ಕೆ
ಪೆನ್ಸಿಲ್ಲಿನಲ್ಲಿ ಆಸನ ಗುರುತು ಹಾಕಿಕೊಂಡ.
ಹೊರಡುವಾಗ ಗೆನೊವೈತೆ ನನ್ನ ಕೋಟು ಕೊಟ್ಟರು,
ಕೈ ಚಾಚಿಯೇ ನಿಂತರು.

ಬಿಲ್ಲೆ ಕೊಟ್ಟೆ.