ಬಕೆಟ್ಟಿನ ಗೆರೆ

ಹದಿನಾಲ್ಕು ಕೋಣೆಗಳ ಹೋಟೆಲು.
ಊರು ಹೂಸಾವಿಕ್, ಐಸ್‌ಲ್ಯಾಂಡಿನ ನೆತ್ತಿಯ ಮೇಲೆ.
ತಿಮಿಂಗಿಲ ನೋಡಲು ಬಂದವರು
ಎಂಟರೊಳಗೆ ತಿಂಡಿ ಮುಗಿಸಿ ದೋಣಿಗೆ ಓಡುತ್ತಾರೆ.
ಮೇಜಿನ ಮೇಲೆ ಉಳಿಯುತ್ತವೆ
ಬ್ರೆಡ್ಡಿನ ಅಂಚು, ಮೀನಿನ ತೊಗಲು,
ಮತ್ತು ಅರ್ಧಕ್ಕೇ ನಿಂತ ಕಾಫಿ.

ಬಾಯಿಬಿಟ್ಟು ಯಾರೂ ಏನೂ ಅನ್ನಲಿಲ್ಲ.
ಸಭ್ಯರು. ‘ಎಲ್ಲ ಚೆನ್ನಾಗಿತ್ತು’ ಎಂದು
ಕೀಲಿ ಕೊಟ್ಟು ಹೋದರು.
ನಿಜ ಗೊತ್ತಿದ್ದದ್ದು ಪಾತ್ರೆ ತೊಳೆಯುವ ಹಾಲಿನಾಗೆ.
(ಹೆಸರಷ್ಟೇ ಹಾಲಿನಾ; ಕುಡಿಯುವುದು
ಹನಿ ಹಾಲೂ ಇಲ್ಲದ ಕಪ್ಪು ಕಾಫಿ.
ಪೋಲೆಂಡಿನಿಂದ ಬಂದು ಹನ್ನೊಂದು ಚಳಿಗಾಲ.)

ಉಳಿದದ್ದನ್ನು ಒಂದು ದಿನ ಸಿಂಕಿಗೆ ಸುರಿಯದೆ
ನೀಲಿ ಬಕೆಟ್ಟಿಗೆ ಬಗ್ಗಿಸುತ್ತಾ ಹೋದಳು,
ಎಷ್ಟಾಗುತ್ತದೋ ನೋಡೋಣ ಅಂತ, ಸುಮ್ಮನೆ.
ಅರ್ಧ ದಾಟಿತು.
ಪೆನ್ಸಿಲಿನಲ್ಲಿ ಗೆರೆ ಎಳೆದಳು.

ಯಜಮಾನಿ ಸ್ಟೇನ್ವೋರ್ ಗೆರೆಯ ಮುಂದೆ
ಕೋಟು ಕೂಡ ಬಿಚ್ಚದೆ ನಿಂತಳು.
ಆಮೇಲೆ ಕೈಬಿಚ್ಚಿ ಖರ್ಚು ಮಾಡಿದಳು:
ಕೋಪನ್‌ಹೇಗನ್ನಿನಿಂದ ಬೀಜ,
ಹಲ್ಲಿನ ಡಾಕ್ಟರನ್ನು ನೆನಪಿಸುವ ಸದ್ದಿನ ಪುಡಿಯಂತ್ರ,
ದಪ್ಪ ತುಟಿಯ ಬಿಳಿ ಬಟ್ಟಲುಗಳು.
ಗೆರೆ ಒಂದು ಬೆರಳು ಇಳಿಯಿತು.
ಮರುವಾರ ಎರಡು ಬೆರಳು ಏರಿತು.

ಏಪ್ರಿಲ್ ಬಂದರೂ ಹಟ ಬಿಡದ ಹಿಮಗಾಳಿ
ರಸ್ತೆ ಮುಚ್ಚಿದ ರಾತ್ರಿ,
ಮನೆಗೆ ಹೋಗಲಾಗದೆ ಹಾಲಿನಾ
ದುಪ್ಪಟಿ ಜೋಡಿಸಿಡುವ ಕೋಣೆಯಲ್ಲೇ ಮಲಗಿದಳು.
ನಾಲ್ಕೂವರೆಗೆ ಎಚ್ಚರ. ಅಡುಗೆಮನೆಯಲ್ಲಿ ದೀಪ.
ರಾತ್ರಿ ಕಾವಲಿನ ಔದುನ್,
ಒಂದು ಕಾಲದಲ್ಲಿ ಮೀನುಹಡಗಿನ ಅಡುಗೆಯವನು,
ಕಾಫಿಯ ಹಂಡೆಗೆ ನೀರು ಹಿಡಿಯುತ್ತಿದ್ದ.
ಬಿಸಿನೀರ ನಲ್ಲಿಯಿಂದ.

‘ಬಿಸಿಯಾಗಿಯೇ ಬರುವ ನೀರನ್ನು
ಮೊದಲಿನಿಂದ ಕಾಯಿಸುವುದು ಯಾವ ಶಾಸ್ತ್ರ?
ಕರೆಂಟು ಪುಕ್ಕಟೆಯೇ?’

ಅವನು ಹೇಳಿದ್ದರಲ್ಲಿ ತಪ್ಪೇನಿಲ್ಲ.
ನೆಲದ ಹೊಟ್ಟೆಯಲ್ಲೇ ಕುದಿದು,
ಗಂಧಕ ಮೈಗೆ ಹಚ್ಚಿಕೊಂಡು ಬರುವ ನೀರು ಅದು;
ಆ ನೀರಿನಲ್ಲೇ ಮಿಂದು ಬೆಳೆದ ಮೂಗಿಗೆ
ಅದು ವಾಸನೆಯಲ್ಲ, ಬರೀ ನೀರು.
ಎರಡು ಬಟ್ಟಲು ಮಾಡಿ ಅವನ ಮುಂದಿಟ್ಟಳು.
ಕುಡಿದ, ಮೀಸೆ ಒರೆಸಿದ,
‘ಎರಡೂ ಕಾಫಿಯೇ’ ಅಂದ.

ಹಾಲಿನಾ ತಾನೂ ಮೂಸಿದಳು.
ಏನೂ ತಿಳಿಯಲಿಲ್ಲ.
ಎದೆ ಝಲ್ಲೆಂದಿತು.
ಈ ದೇಶದ ಮೊದಲ ಸಂಜೆ ನೆನಪಾಯಿತು:
ಸ್ನಾನಕ್ಕೆಂದು ನಲ್ಲಿ ತಿರುಗಿಸಿ, ಕೊಳೆತ ಮೊಟ್ಟೆ ಎಲ್ಲಿದೆಯೆಂದು
ಮಂಚದ ಕೆಳಗೆಲ್ಲ ತಡಕಾಡಿದ್ದಳು ಅವಳು.
ಆ ಹುಡುಗಿಯ ಮೂಗು ಯಾವ ಚಳಿಗಾಲದಲ್ಲಿ
ಕಳೆದುಹೋಯಿತೋ, ಗೊತ್ತಿಲ್ಲ.

ತನ್ನನ್ನು ನಂಬುವಂತಿಲ್ಲ. ಬಕೆಟ್ಟು ಸುಳ್ಳು ಹೇಳದು.

ಯಾರಿಗೂ ಚಾಡಿ ಹೇಳಲಿಲ್ಲ.
ಏಪ್ರನ್ನಿನ ದಾರ ಹರಿದು ತಣ್ಣೀರ ನಲ್ಲಿಗೆ ಕಟ್ಟಿ,
‘ನಾಳೆಯಿಂದ ಇದು, ಔದುನ್, ನನಗೋಸ್ಕರ’ ಅಂದಳು.
ಗೊಣಗಿದ. ಅರ್ಧ ಗಂಟೆ ಮುಂಚೆ ಎದ್ದ.

ಗೆರೆ ಇಳಿಯಿತು. ಮತ್ತೆ ಇಳಿಯಿತು.
ಒಂದು ಬುಧವಾರ ಬಕೆಟ್ಟಿನ ತಳವೂ ಮುಚ್ಚಲಿಲ್ಲ.
ಹೆಲ್ಸಿಂಕಿಯಿಂದ ಬಂದ ಮುದುಕನೊಬ್ಬ
ಮೂರನೇ ಬಟ್ಟಲಿಗೆ ನಾಚುತ್ತಾ ಕೈಯೊಡ್ಡಿದ.
ಸ್ಟೇನ್ವೋರ್ ಹಿಗ್ಗಿದಳು,
‘ನೋಡಿದೆಯಾ, ಬೀಜದ ಗುಣ!’
ಹಾಲಿನಾ ತಟ್ಟೆ ಒರೆಸುತ್ತಿದ್ದಳು.

ಆದರೆ ಅತಿಥಿಗಳೆಲ್ಲ ಎದ್ದುಹೋದ ಮೇಲೆ
ಕಿಟಕಿಯ ಪಕ್ಕ ಕೂತ ಯಜಮಾನಿ
ತನ್ನ ಬಟ್ಟಲನ್ನು ಅರ್ಧಕ್ಕೇ ಕೆಳಗಿಟ್ಟಳು.
‘ಚೆನ್ನಾಗಿದೆ,’ ಅಂದಳು, ‘ಏನೋ ಕಡಿಮೆ.
ಅಮ್ಮ ಮಾಡುತ್ತಿದ್ದ ಹಾಗಿಲ್ಲ.’

ಈಗ ದಿನಾ ಮುಂಜಾನೆ
ಹಂಡೆ ತುಂಬಿಸಿದ ಮೇಲೆ ಔದುನ್
ಒಂದೇ ಒಂದು ಚಿಕ್ಕ ಪಾತ್ರೆ ಹಿಡಿದು
ಆ ಕಡೆಯ ನಲ್ಲಿ ತಿರುಗಿಸುತ್ತಾನೆ.
ಹಾಲಿನಾ ನೋಡಿಯೂ ನೋಡದ ಹಾಗೆ
ಪಾತ್ರೆಗಳ ಕಡೆ ತಿರುಗುತ್ತಾಳೆ.